ಗಿಡಮೂಲಿಕೆ ಔಷಧಿಗಳಲ್ಲಿ ಕೀಟನಾಶಕದ ಶೇಷ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಕೆಂಗೇರಿ, ತಾವರೆಕೆರೆ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಕೆಮ್ಮಿಗೆ ದೊಡ್ಡಪತ್ರೆಯ ರಸ, ಜ್ವರಕ್ಕೆ ಅಮೃತಬಳ್ಳಿಯ ಕಷಾಯ, ಮಕ್ಕಳ ಜ್ಞಾಪಕಶಕ್ತಿಗೆಂದು ಒಂದೆಲಗದ ಚಟ್ನಿ ಇವೆಲ್ಲ ಹಿಂದಿನಿಂದ ಬಂದ ವಾಡಿಕೆ. ಗಿಡಮೂಲಿಕೆಯಿಂದ ಯಾವ ಕೆಡುಕೂ ಆಗದೆಂಬ ನಂಬಿಕೆಯೂ ಸಾಮಾನ್ಯವಾಗಿದೆ. ಆದರೆ ಮೂಲಿಕೆಯು ಬೆಳೆದ ನೆಲ, ಹೀರಿದ ನೀರು, ಅದರ ಮೇಲೆ ಬಿದ್ದ ಸಿಂಪಡಣೆ ಇವುಗಳ ದೋಷವು ಔಷಧಿಯಲ್ಲಿಯೂ ಸೇರುತ್ತದೆಂಬುದನ್ನು ಮರೆಯಲಾಗದು.

ಶೇಷ ಎಂದರೇನು?

ಬೆಳೆಗೆ ಸಿಂಪಡಿಸಿದ ಕೀಟನಾಶಕದಲ್ಲಿ ಕರಗದೆ, ಕೊಳೆಯದೆ ಉಳಿಯುವ ಅಂಶವೇ ಶೇಷ. ಕೆಲವು ಕೀಟನಾಶಕಗಳು ಕೆಲವೇ ದಿನಗಳಲ್ಲಿ ಕ್ಷಯಿಸುತ್ತವೆ. ಡಿ.ಡಿ.ಟಿ. ಮತ್ತು ಬಿ.ಎಚ್.ಸಿ.ಗಳು ಮಾತ್ರ ಮಣ್ಣಿನಲ್ಲಿ ಅನೇಕ ವರ್ಷ ಉಳಿಯುತ್ತವೆ. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿ.ಡಿ.ಟಿ. ಬಳಸುವುದನ್ನು 1989ರಲ್ಲಿಯೂ, ಬಿ.ಎಚ್.ಸಿ.ಯನ್ನು 1997ರಲ್ಲಿಯೂ ನಿಷೇಧಿಸಲಾಯಿತು. ಇವು ನೀರಿನಲ್ಲಿ ಕರಗುವುದು ಅತ್ಯಲ್ಪ. ಎಣ್ಣೆ ಮತ್ತು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಆದಕಾರಣ ಕಷಾಯಕ್ಕಿಂತ ತೈಲ ಮತ್ತು ಘೃತಗಳಿಗೆ ಇವು ಹೆಚ್ಚಾಗಿ ಇಳಿಯುವ ಸಂಭವವುಂಟು.

ತಾಯಿ ಮತ್ತು ಮಗು

ಇಂತಹ ಶೇಷವು ದೇಹದ ಕೊಬ್ಬಿನಲ್ಲಿ ಶೇಖರವಾಗಿ, ಗರ್ಭದಲ್ಲಿರುವ ಶಿಶುವಿಗೂ ಎದೆಹಾಲಿಗೂ ಸಾಗಬಲ್ಲುದು. ಆದರೂ ಈ ಭಯದಿಂದ ಎದೆಹಾಲನ್ನು ಬಿಡಿಸಬಾರದು. ಶಿಶುವಿಗೆ ಅದಕ್ಕಿಂತ ಮಿಗಿಲಾದ ಆಹಾರವಿಲ್ಲ. ತಾಯಿಯ ಬಾಯಿಗೆ ಸೇರುವುದನ್ನು ಶುದ್ಧವಾಗಿಡುವುದೇ ಸರಿಯಾದ ಮಾರ್ಗ.

ಕಾಸರಗೋಡಿನ ಪಾಠ

ಕಾಸರಗೋಡು ಜಿಲ್ಲೆಯ ಗೇರು ತೋಟಗಳಿಗೆ 2000ದವರೆಗೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ನೀರು, ಮಣ್ಣು, ರಕ್ತ, ಹಾಲುಗಳ ಮಾದರಿಗಳಲ್ಲಿ ಇದರ ಶೇಷ ಕಂಡುಬಂದಿದೆಯೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2001ರಲ್ಲಿ ವರದಿ ಮಾಡಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಇದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. ತೋಟಕ್ಕೆ ಹಾಕಿದ ವಿಷವು ತೋಟದಲ್ಲಿಯೇ ನಿಲ್ಲುವುದಿಲ್ಲ.

ಪರೀಕ್ಷೆ ನಡೆಯುವ ಬಗೆ

ಶೇಷವು ಕಣ್ಣಿಗೆ ಕಾಣದು, ರುಚಿಯಿಂದಲೂ ತಿಳಿಯದು. ಪ್ರಯೋಗಾಲಯದಲ್ಲಿ ಮೂಲಿಕೆಯನ್ನು ಪುಡಿಮಾಡಿ, ದ್ರಾವಕದಲ್ಲಿ ನೆನೆಸಿ, ಶೇಷವನ್ನು ಹೊರತೆಗೆದು ಶೋಧಿಸುತ್ತಾರೆ. ಬಳಿಕ ಗ್ಯಾಸ್ ಕ್ರೊಮೆಟೋಗ್ರಾಫ್ ಎಂಬ ಯಂತ್ರವು ಅದರ ಘಟಕಗಳನ್ನು ಬೇರ್ಪಡಿಸಿ ಅಳೆಯುತ್ತದೆ. ಭಾರತದ ಆಯುರ್ವೇದ ಫಾರ್ಮಾಕೋಪಿಯದ ಪ್ರಕಾರ ಡಿ.ಡಿ.ಟಿ.ಯ ಮಿತಿ ಒಂದು ಕಿಲೋಗ್ರಾಂ ಮೂಲಿಕೆಗೆ 1 ಮಿಲಿಗ್ರಾಂ. ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು.

ನಾಟಿ ಮದ್ದಿಗಾಗಿ ಬೇಲಿಯಿಂದ ಕಿತ್ತ ಸೊಪ್ಪು ಇಂತಹ ಪರೀಕ್ಷೆಗೆ ಒಳಪಡುವುದಿಲ್ಲ. ಆದುದರಿಂದ ಮನೆಯವರ ಎಚ್ಚರಿಕೆಯೇ ಮುಖ್ಯ.

ದಂಪತಿಗಳು ಅನುಸರಿಸಬೇಕಾದ ಕ್ರಮಗಳು

1. ಔಷಧಿ ಸಿಂಪಡಿಸಿದ ಅವರೆ, ಟೊಮೇಟೊ, ಹೂವಿನ ಹೊಲಗಳ ಬದುಗಳಿಂದ ಮೂಲಿಕೆ ಕೀಳಬಾರದು.

2. ವೃಷಭಾವತಿಯು ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಕೆಂಗೇರಿಯ ಮೂಲಕ ಬೈರಮಂಗಲದ ಕೆರೆಗೆ ಸೇರುತ್ತದೆ. ಅದರ ದಡದಲ್ಲಿ ಬೆಳೆದ ಒಂದೆಲಗ ಮುಂತಾದ ಸೊಪ್ಪನ್ನು ಔಷಧಿಗೆ ಬಳಸಬಾರದು.

3. ತುಳಸಿ, ದೊಡ್ಡಪತ್ರೆ, ಒಂದೆಲಗಗಳನ್ನು ಹಿತ್ತಿಲಿನಲ್ಲಿ ಒಳ್ಳೆಯ ನೀರೆರೆದು ಬೆಳೆಯುವುದು ಲೇಸು. ಕೀಳುವ ಮುನ್ನ ಕೀಟನಾಶಕ ಸಿಂಪಡಿಸಬಾರದು.

4. ಸೊಪ್ಪನ್ನು ಎರಡು ಮೂರು ಬಾರಿ ತೊಳೆಯಬೇಕು. ಇದರಿಂದ ಮೇಲಿನ ಧೂಳೂ ಶೇಷವೂ ತಕ್ಕಮಟ್ಟಿಗೆ ಹೋಗುತ್ತವೆ. ಗಿಡವು ಒಳಗೆ ಹೀರಿದ್ದು ಹೋಗದು.

5. ಕೀಟನಾಶಕದ ಖಾಲಿ ಡಬ್ಬಿಗಳಲ್ಲಿ ಮೂಲಿಕೆ, ಧಾನ್ಯ, ನೀರು ಯಾವುದನ್ನೂ ಇಡಬಾರದು.

6. ಅಂಗಡಿಯ ಔಷಧಿಯ ಮೇಲೆ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಇವೆಯೇ ಎಂದು ನೋಡಿ ಕೊಳ್ಳಬೇಕು.

7. ಗರ್ಭಿಣಿಯರು ಮತ್ತು ಬಾಣಂತಿಯರು ವೈದ್ಯರನ್ನಾಗಲಿ ಆರೋಗ್ಯ ಸಹಾಯಕಿಯನ್ನಾಗಲಿ ಕೇಳದೆ ಯಾವ ಮೂಲಿಕೆಯನ್ನೂ ಔಷಧಿಯಾಗಿ ಸೇವಿಸಬಾರದು. ಬೆಂಗಳೂರಿನ ಧನ್ವಂತರಿ ರಸ್ತೆಯಲ್ಲಿರುವ ಸರ್ಕಾರಿ ಆಯುರ್ವೇದ ಆಸ್ಪತ್ರೆಯಲ್ಲಿಯೂ ಸಲಹೆ ಪಡೆಯಬಹುದು.

ಹೊಲಕ್ಕೆ ಔಷಧಿ ಹೊಡೆಯುವವನು ಸಾಮಾನ್ಯವಾಗಿ ಗಂಡ, ಸೊಪ್ಪು ಕಿತ್ತು ಕಷಾಯ ಕಾಸುವವಳು ಹೆಂಡತಿ. ಯಾವ ದಿನ, ಎಲ್ಲಿ, ಏನನ್ನು ಸಿಂಪಡಿಸಲಾಯಿತೆಂಬುದನ್ನು ಗಂಡನು ಮನೆಯಲ್ಲಿ ತಪ್ಪದೆ ತಿಳಿಸಬೇಕು. ಇಬ್ಬರ ನಡುವಿನ ಈ ಒಂದು ಮಾತು ಮಗುವಿನ ಆರೋಗ್ಯವನ್ನು ಕಾಯಬಲ್ಲುದು.