ನಾಯಿಯ ಜತೆಗೆ ಜವಾಬ್ದಾರಿಯೂ ಬರುತ್ತದೆ

ಹುಮನಾಬಾದಿನ ನಮ್ಮ ಮಾಮೂ ಗೋದಾಮಿನ ಕಾವಲಿಗೆ ರಾಟ್‌ವೀಲರ್ ನಾಯಿ ತಂದಿದ್ದರು. ಹಗಲೂ ರಾತ್ರಿ ಗಿಡ್ಡ ಸರಪಳಿ. ಊಟ ಹಾಕುವ ಹಮಾಲನನ್ನು ಬಿಟ್ಟರೆ ಅದರ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಕಳೆದ ರಜೆಯಲ್ಲಿ ನಾವು ಬಸವಕಲ್ಯಾಣದಿಂದ ಅಲ್ಲಿಗೆ ಹೋದಾಗ, ಚೆಂಡು ತರಲು ಹೋದ ನನ್ನ ತಮ್ಮನ ಕೈ ಕಚ್ಚಿತು. ಸೋಪು ಹಚ್ಚಿ ಹದಿನೈದು ನಿಮಿಷ ನಳದ ನೀರಿನಲ್ಲಿ ಗಾಯ ತೊಳೆದು ಆಸ್ಪತ್ರೆಗೆ ಓಡಿದೆವು. ರೇಬೀಸ್ ಚುಚ್ಚುಮದ್ದು ಒಂದೂ ತಪ್ಪಿಸಲಿಲ್ಲ.

"ಈ ಜಾತಿಯೇ ಕೆಟ್ಟದ್ದು, ಹೈವೇದಲ್ಲಿ ಬಿಟ್ಟು ಬರ್ತೀನಿ" ಎಂದರು ಮಾಮೂ.

"ಅಲ್ಲಿ ಬೇರೆಯವರ ಮಕ್ಕಳನ್ನು ಕಚ್ಚಿದರೆ ಮಾಮೂ?" ಎಂದೆ. ಅವರು ಸುಮ್ಮನಾದರು.

2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ರಾಟ್‌ವೀಲರ್, ಪಿಟ್‌ಬುಲ್ ಸೇರಿ 23 ತಳಿಗಳ ಮಾರಾಟ ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಸಂಬಂಧಪಟ್ಟವರ ಮಾತು ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಪಡಿಸಿತು. ಹಾಗೆಂದು ಸಾಕುವವರ ಹೊಣೆ ತಪ್ಪಲಿಲ್ಲ. ತನ್ನ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇಂಥ ನಾಯಿ ಸಾಕುವವರು ಮಾಡಬೇಕಾದದ್ದು ಇಷ್ಟು: ಮರಿಯಿದ್ದಾಗಲೇ ಜನರ ರೂಢಿ ಮಾಡಿಸುವುದು, ರೇಬೀಸ್ ಲಸಿಕೆ ತಪ್ಪಿಸದಿರುವುದು, ದಿನಾಲೂ ತಿರುಗಾಡಿಸುವುದು, ಹೊರಗೆ ಒಯ್ಯುವಾಗ ಗಟ್ಟಿ ಹಗ್ಗ, ಬಾಯಿಗೆ ಕುಕ್ಕೆ ಹಾಕುವುದು, ಮಕ್ಕಳನ್ನು ಅದರೊಂದಿಗೆ ಒಂಟಿಯಾಗಿ ಬಿಡದಿರುವುದು. ಸದಾ ಕಟ್ಟಿಹಾಕಿದ ನಾಯಿಗೆ ಸಿಟ್ಟು ಹೆಚ್ಚು.

ಈಗ ಮಾಮೂ ಸರಪಳಿ ಬಿಚ್ಚಿ, ಗೋದಾಮಿನ ಹಿಂದೆ ಜಾಲರಿಯ ಅಂಗಳ ಮಾಡಿಸಿದ್ದಾರೆ. ಬೆಳಿಗ್ಗೆ ತಾವೇ ನಾಯಿ ತಿರುಗಾಡಿಸುತ್ತಾರೆ. ತಮ್ಮ ಇನ್ನೂ ಹತ್ತಿರ ಹೋಗುವುದಿಲ್ಲ. ನಾವೂ ಒತ್ತಾಯ ಮಾಡುವುದಿಲ್ಲ. ಲೆಕ್ಕಶಾಸ್ತ್ರದಲ್ಲಿ ಆಸ್ತಿಯನ್ನಷ್ಟೇ ಬರೆದು ಜವಾಬ್ದಾರಿ ಬಿಟ್ಟರೆ ತಾಳೆಯಾಗುವುದಿಲ್ಲ. ನಾಯಿ ತರುವ ಮೊದಲು ಎರಡನ್ನೂ ಬರೆದು ನೋಡಿ.