ಅಂಗಳದಲ್ಲಿ ಬಿದ್ದ ಅಕ್ರೋಟಿನ ಮರ

೨೦೨೦ನೆಯ ಇಸವಿ ಆಗಸ್ಟ್ ೧೦ರಂದು ಅಮೆರಿಕದ ಅಯೋವಾ ರಾಜ್ಯದ ಮೇಲೆ ಭಾರಿ ಬಿರುಗಾಳಿಯೊಂದು ಹಾದುಹೋಯಿತು. ಅಲ್ಲಿಯ ಸೀಡರ್ ರ‍್ಯಾಪಿಡ್ಸ್ ಪಟ್ಟಣದಲ್ಲಿ ಗಾಳಿಯ ವೇಗ ಗಂಟೆಗೆ ಸುಮಾರು ೧೪೦ ಮೈಲಿ ಇದ್ದಿತೆಂದು ಹವಾಮಾನ ಶಾಸ್ತ್ರಜ್ಞರು ಅಂದಾಜು ಮಾಡಿದರು. ಗಾಳಿ ನಿಂತಾಗ ಊರಿನ ಮರಗಳ ನೆರಳಿನಲ್ಲಿ ಅರ್ಧಕ್ಕೂ ಮಿಕ್ಕಿ ಹಾಳಾಗಿತ್ತು.

ಮನೆಯ ಮುಂದೆ ಮರ ಉರುಳಿದವರಿಗೆ ಮೊದಲ ಚಿಂತೆ ದಾರಿ ಬಿಡಿಸುವುದು. ಆದ್ದರಿಂದ ಇಂಥ ಸಮಯದಲ್ಲಿ ಬೆಲೆಯುಳ್ಳ ಮರವೂ ಸಾಧಾರಣ ಮರವೂ ಒಂದೇ ರಾಶಿಗೆ ಸೇರಿ ಸೌದೆಯೋ ಪುಡಿಯೋ ಆಗಿಬಿಡುವುದುಂಟು. ಹಾಗೆ ಹಾಳಾಗಬಾರದ ಮರಗಳಲ್ಲಿ ಒಂದು, ಆ ಸೀಮೆಯ ಮನೆಯಂಗಳಗಳಲ್ಲಿ ಸಾಮಾನ್ಯವಾಗಿ ಕಾಣುವ ಕರಿ ಅಕ್ರೋಟು. ಕಾಶ್ಮೀರದಿಂದ ನಮ್ಮ ಅಂಗಡಿಗಳಿಗೆ ಬರುವ ಅಕ್ರೋಟಿಗೆ ಇದು ದಾಯಾದಿ. ಇದರ ಹೊರಭಾಗ ಬಿಳುಪು. ಒಳಗಿನ ಚೇಗು ಕಂದು ಬಣ್ಣ. ಬಿರುಸಿಲ್ಲದೆ ಉಳಿಗೆ ಒಗ್ಗುತ್ತದೆ. ಒಣಗಿದ ಮೇಲೆ ಸುಲಭವಾಗಿ ಸೊಟ್ಟಗಾಗುವುದಿಲ್ಲ. ಕುರ್ಚಿ ಮೇಜುಗಳಿಗೂ ಬಂದೂಕಿನ ಹಿಡಿಗೂ ಇದು ಹೆಸರಾದದ್ದು ಈ ಗುಣಗಳಿಂದಲೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೮ರಲ್ಲಿ, ಸರ್ಕಾರದ ಕೋರಿಕೆಯಂತೆ ಅಮೆರಿಕದ ಬಾಲಚರರು ಹೊರಟು ಈ ಮರಗಳು ಎಲ್ಲೆಲ್ಲಿವೆ ಎಂದು ಹುಡುಕಿ ಲೆಕ್ಕ ಕೊಟ್ಟಿದ್ದರು.

ಇಷ್ಟು ಬೆಲೆಯ ಮರವಾದರೆ ಮಿಲ್ಲಿನವರು ಓಡಿಬಂದು ಕೊಳ್ಳಬೇಡವೆ? ಸಾಮಾನ್ಯವಾಗಿ ಅವರು ಅಂಗಳದ ಮರವನ್ನು ಬೇಡವೆನ್ನುತ್ತಾರೆ. ಒಂದು ಮರಕ್ಕಾಗಿ ಲಾರಿ ಕಳುಹಿಸುವುದು ಗಿಟ್ಟದು. ಬಯಲಿನಲ್ಲಿ ಒಂಟಿಯಾಗಿ ಬೆಳೆದದ್ದು ಕೆಳಗಿನಿಂದಲೇ ಕವಲೊಡೆದಿರುತ್ತದೆ. ಎಲ್ಲಕ್ಕಿಂತ ದೊಡ್ಡ ಭಯ ಮೊಳೆಯದು. ಬಟ್ಟೆ ಒಣಗಿಸುವ ತಂತಿಯ ಕೊಕ್ಕೆ, ಮಕ್ಕಳ ಉಯ್ಯಾಲೆಯ ಸರಪಳಿ, ಯಾರೋ ಹೊಡೆದ ಬೋರ್ಡಿನ ಮೊಳೆ, ಇವೆಲ್ಲ ವರ್ಷ ಕಳೆದಂತೆ ಮರದೊಳಗೆ ಹುದುಗಿಹೋಗುತ್ತವೆ. ಗರಗಸ ಅಂಥ ಒಂದು ಕಬ್ಬಿಣಕ್ಕೆ ತಗುಲಿದರೆ ಹಲ್ಲೆಲ್ಲ ಹೋದಂತೆಯೇ.

ದಿಮ್ಮಿ ಮಿಲ್ಲಿಗೆ ಹೋಗದಿದ್ದರೆ ಮಿಲ್ಲೇ ದಿಮ್ಮಿಯ ಬಳಿಗೆ ಬರಬಹುದು. ೧೯೮೨ರಲ್ಲಿ ಇಂಡಿಯಾನಾಪೊಲಿಸ್ ಪಟ್ಟಣದಲ್ಲಿ ಆರಂಭವಾದ ವುಡ್-ಮೈಜರ್ ಮುಂತಾದ ಕಂಪೆನಿಗಳು, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವಂಥ ಸಣ್ಣ ಕೊಯ್ತದ ಯಂತ್ರಗಳನ್ನು ಮಾಡುತ್ತವೆ. ಇದರಲ್ಲಿ ದಿಮ್ಮಿ ಅಲುಗುವುದಿಲ್ಲ. ಎರಡು ಚಕ್ರಗಳ ಮೇಲೆ ಬೆಲ್ಟಿನಂತೆ ಸುತ್ತುವ ಪಟ್ಟಿಗರಗಸವು ಕಂಬಿಗಳ ಮೇಲೆ ಸರಿಯುತ್ತ ದಿಮ್ಮಿಯನ್ನು ಉದ್ದಕ್ಕೂ ಸೀಳುತ್ತದೆ. ಒಂದು ಹಲಗೆ ಬಂದಮೇಲೆ ಗರಗಸವನ್ನು ಬೇಕಾದ ದಪ್ಪದಷ್ಟು ಇಳಿಸಿ ಮತ್ತೆ ಸಾಗಿಸುತ್ತಾರೆ. ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಉದ್ದ ಗರಗಸವನ್ನು ಎಳೆಯುತ್ತಿದ್ದ ನಮ್ಮ ಹಳೆಯ ಕೊಯ್ತದಲ್ಲಿಯೂ ಗರಗಸವೇ ದಿಮ್ಮಿಯನ್ನು ಹುಡುಕಿಕೊಂಡು ಹೋಗುತ್ತಿತ್ತಲ್ಲವೆ?

ಪಟ್ಟಿಗರಗಸದ ಇನ್ನೊಂದು ಲಾಭ ಉಳಿತಾಯ. ಕಾಲಂಗುಲ ದಪ್ಪ ಕೊಯ್ಯುವ ಚಕ್ರಗರಗಸ ನಾಲ್ಕು ಸಲ ಹಾದರೆ ಒಂದಂಗುಲದ ಹಲಗೆಯಷ್ಟು ಮರ ಹೊಟ್ಟಾಗುತ್ತದೆ. ಪಟ್ಟಿಗರಗಸದ ಕೊಯ್ತ ಅಂಗುಲದ ಹನ್ನೆರಡನೆಯ ಒಂದು ಪಾಲಿನಷ್ಟು; ಅಷ್ಟೇ ಮರ ಹೊಟ್ಟಾಗಬೇಕಾದರೆ ಹನ್ನೆರಡು ಸಲ ಹಾಯಬೇಕು.

ಆದರೆ ಯಂತ್ರ ಬರುವ ಮೊದಲೇ ಮನೆಯವರು ಮಾಡಬೇಕಾದ ಕೆಲಸವುಂಟು. ಬೊಡ್ಡೆಯನ್ನು ಸೌದೆಯ ತುಂಡುಗಳಂತೆ ಕತ್ತರಿಸಬಾರದು. ಎಂಟು ಅಡಿಯಾದರೂ ಉದ್ದವಿರಲಿ. ಇಪ್ಪತ್ತಂಗುಲ ಅಡ್ಡಳತೆಯ ಅಂಥ ಒಂದು ಹಸಿ ದಿಮ್ಮಿ ಸುಮಾರು ನಾಲ್ಕೂವರೆ ಕ್ವಿಂಟಲ್ ತೂಗುತ್ತದೆ. ಇದನ್ನು ಹೊರಳಿಸುವುದು ಮಕ್ಕಳಾಟವಲ್ಲ. ಕವಲೊಡೆದ ಜಾಗವನ್ನು ಎಸೆಯಬಾರದು. ಅದನ್ನು ಸೀಳಿದಾಗ ನವಿಲುಗರಿಯಂಥ ಗೆರೆಗಳು ಕಾಣುತ್ತವೆ. ದಿಮ್ಮಿಯ ಎರಡು ತುದಿಗಳಿಗೂ ಕೂಡಲೇ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿಯಬೇಕು. ತುದಿಗಳಿಂದ ನೀರು ಬೇಗ ಆರಿಹೋಗುವುದರಿಂದ, ಬಳಿಯದಿದ್ದರೆ ಅಲ್ಲಿಂದಲೇ ಬಿರುಕು ಒಳಕ್ಕೆ ಹರಿಯುತ್ತದೆ.

ಮೊಳೆ ಹುಡುಕುವುದಕ್ಕೂ ಒಂದು ಸೂತ್ರವಿದೆ. ಮರದ ಕಾಂಡ ವರ್ಷವರ್ಷ ದಪ್ಪವಾಗುತ್ತದೆಯೇ ಹೊರತು, ಅದರಲ್ಲಿ ಹೊಡೆದ ಮೊಳೆ ಮೇಲಕ್ಕೆ ಏರುವುದಿಲ್ಲ. ಐವತ್ತು ವರ್ಷದ ಹಿಂದೆ ಎದೆಯೆತ್ತರಕ್ಕೆ ಹೊಡೆದದ್ದು ಇಂದಿಗೂ ಎದೆಯೆತ್ತರದಲ್ಲಿಯೇ ಇರುತ್ತದೆ. ಆದ್ದರಿಂದ ಬುಡದಿಂದ ಕೈಯೆಟುಕುವಷ್ಟು ಭಾಗವನ್ನು ಲೋಹಶೋಧಕದಿಂದ ಚೆನ್ನಾಗಿ ಪರೀಕ್ಷಿಸಬೇಕು. ಅಕ್ರೋಟಿನ ಟ್ಯಾನಿನ್ ಕಬ್ಬಿಣದೊಡನೆ ಸೇರಿ ನೀಲಿಗಪ್ಪು ಕಲೆ ಮಾಡುತ್ತದೆ. ದಿಮ್ಮಿಯ ತುದಿಯಲ್ಲಿ ಅಂಥ ಕಲೆ ಕಂಡರೆ ಒಳಗೆಲ್ಲೋ ಕಬ್ಬಿಣವಿದೆಯೆಂದು ತಿಳಿಯತಕ್ಕದ್ದು.

ಕೊಯ್ತ ಅರ್ಧ ದಿನದ ಕೆಲಸವಾದರೆ, ಒಣಗಿಸುವುದು ವರ್ಷಗಳ ಕೆಲಸ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಹಸಿ ಅಕ್ರೋಟು ಪೂರ್ತಿ ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ನೂರಕ್ಕೆ ೭.೮ರಷ್ಟೂ, ನಡುವಿನಿಂದ ಹೊರಕ್ಕೆ ೫.೫ರಷ್ಟೂ ಕುಗ್ಗುತ್ತದೆ. ಈ ಎರಡೂ ಸಮವಾಗಿರದ ಕಾರಣ ಹಲಗೆ ಡೊಂಕಾಗುತ್ತದೆ. ಮರದ ನಡುತಿರುಳನ್ನು ಒಳಗೊಂಡ ಹಲಗೆ ಸೀಳುತ್ತದೆ. ತಿರುಳಿನ ಭಾಗವನ್ನು ಬೇರೆ ತೆಗೆದಿಟ್ಟು, ಉಳಿದ ಹಲಗೆಗಳನ್ನು ಸಮತಟ್ಟಾದ ನೆಲೆಯ ಮೇಲೆ ಪೇರಿಸಬೇಕು. ಪ್ರತಿಯೊಂದು ಹಲಗೆಯ ನಡುವೆಯೂ ಮುಕ್ಕಾಲಂಗುಲದ ಒಣ ಪಟ್ಟಿಗಳನ್ನು ಒಂದರ ಮೇಲೊಂದು ನೇರವಾಗಿ ಬರುವಂತೆ ಇಟ್ಟರೆ ಗಾಳಿ ಎಲ್ಲ ಕಡೆಗೂ ಆಡುತ್ತದೆ. ಮೇಲೆ ತಗಡು ಮುಚ್ಚಿ ಭಾರ ಹೇರಬೇಕು, ಪಕ್ಕಗಳನ್ನು ಮುಚ್ಚಬಾರದು. ಒಂದಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಅನುಭವಸ್ಥರ ಲೆಕ್ಕ. ಬಿಳಿಯ ಹೊರಭಾಗಕ್ಕೆ ಹುಳು ಬೀಳುವ ಭಯವಿರುವುದರಿಂದ, ಕೊನೆಗೆ ಬಿಸಿಗೂಡಿನಲ್ಲಿಟ್ಟು ತೆಗೆಯುವುದು ಕ್ಷೇಮ.

ಇನ್ನೊಂದು ಎಚ್ಚರಿಕೆ. ಅಮೆರಿಕದ ಪಶ್ಚಿಮ ಭಾಗದಲ್ಲಿ ಕರಿ ಅಕ್ರೋಟುಗಳನ್ನು ಒಂದು ರೋಗ ಕೊಲ್ಲುತ್ತಿದೆ. ಸಾಸಿವೆ ಕಾಳಿಗಿಂತ ದೊಡ್ಡದಿಲ್ಲದ ದುಂಬಿಯೊಂದು ತೊಗಟೆಯನ್ನು ಕೊರೆದು ಒಳಗೆ ಬೂಷ್ಟನ್ನು ಬಿತ್ತುತ್ತದೆ. ಆದುದರಿಂದ ತೊಗಟೆ ಸಹಿತವಾದ ದಿಮ್ಮಿಯನ್ನು ಒಂದು ಸೀಮೆಯಿಂದ ಇನ್ನೊಂದಕ್ಕೆ ಸಾಗಿಸುವುದನ್ನು ಹಲವು ರಾಜ್ಯಗಳು ನಿರ್ಬಂಧಿಸಿವೆ. ಬಿದ್ದಲ್ಲಿಯೇ ಕೊಯ್ದು ತೊಗಟೆಯನ್ನು ಕಳೆಯುವ ಸಣ್ಣ ಯಂತ್ರ ಇಲ್ಲಿಯೂ ಅನುಕೂಲಕ್ಕೆ ಬರುತ್ತದೆ.

ಅಜ್ಜ ನೆಟ್ಟ ಮರ ಗಾಳಿಗೆ ಬಿತ್ತೆಂದರೆ ಮನೆಯವರಿಗೆ ದುಃಖವೇ ಸರಿ. ಆದರೆ ಬಿದ್ದ ವಾರದಲ್ಲಿ ತುದಿಗೆ ಬಣ್ಣ ಬಳಿದು, ಎರಡು ವರ್ಷ ಹಲಗೆಗಳನ್ನು ತಾಳ್ಮೆಯಿಂದ ಕಾದರೆ, ಮೊಮ್ಮಕ್ಕಳು ಅದೇ ಮರದ ಮೇಜಿನ ಮೇಲೆ ಪುಸ್ತಕ ಬಿಡಿಸಬಹುದು. ಮರ ಅಕ್ರೋಟಾಗಲಿ ನಮ್ಮ ಹಿತ್ತಿಲಿನ ಹಲಸಾಗಲಿ, ಈ ಮಾತು ಎರಡಕ್ಕೂ ಸಲ್ಲುತ್ತದೆ.