ಮನೆ ಸರ್ಕಾರದ್ದು, ಬಾಡಿಗೆ ಬಡವನದ್ದು!

ಬೆಳಗಿನ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಪೇಟೆಗೆ ಬರುವವರು ಇದನ್ನು ದಿನಾ ನೋಡುತ್ತಾರೆ. ಊರು ಇನ್ನೂ ನಾಲ್ಕು ಫರ್ಲಾಂಗು ಇರುವಾಗಲೇ ರಸ್ತೆ ಪಕ್ಕ ಸಾಲಾಗಿ ನಿಂತ ಗೋಡೆಗಳು. ಕೆಲವಕ್ಕೆ ಛಾವಣಿ ಇದೆ, ಬಾಗಿಲಿಲ್ಲ. ಕೆಲವಕ್ಕೆ ಲಿಂಟಲ್ ತನಕ ಇಟ್ಟಿಗೆ, ಅದರ ಮೇಲೆ ಆಕಾಶ. ಪಿಲ್ಲರ್ ತುದಿಯ ಸರಳುಗಳು ತುಕ್ಕು ಹಿಡಿದು ಕೆಂಪಗಾಗಿವೆ. ಎದುರಿಗೊಂದು ಬಣ್ಣ ಮಾಸಿದ ಬೋರ್ಡು. ಯೋಜನೆಯ ಹೆಸರು, ಅಂದಾಜು ಮೊತ್ತ, ಶಂಕುಸ್ಥಾಪನೆ ಮಾಡಿದ ಮಹನೀಯರ ಪಟ್ಟಿ ಎಲ್ಲಾ ಓದಬಹುದು. ಕಾಮಗಾರಿ ಮುಗಿಯುವ ತಾರೀಕಿನ ಜಾಗದಲ್ಲಿ ಮಾತ್ರ ಬಣ್ಣ ಎದ್ದುಹೋಗಿರುತ್ತದೆ.

ಊರಿನ ಹೆಸರು ಹೇಳುವ ಅಗತ್ಯವಿಲ್ಲ. ರಾಜ್ಯದ ಯಾವ ಜಿಲ್ಲೆಯವರು ಓದಿದರೂ ‘ಇದು ನಮ್ಮೂರಿನದೇ ಕಣಯ್ಯ’ ಅನ್ನುತ್ತಾರೆ.

ಜನರ ಬಾಯಲ್ಲಿ ಇವು ಸ್ಲಂ ಬೋರ್ಡ್ ಮನೆಗಳು. ಕಾಗದದಲ್ಲಿ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿಯ ವಸತಿಗಳು. 1973ರ ಕಾಯಿದೆಯ ಕೆಳಗೆ 1975ರಲ್ಲಿ ಹುಟ್ಟಿದಾಗ ಈ ಮಂಡಳಿಯ ಹೆಸರಿನಲ್ಲಿ ‘ನಿರ್ಮೂಲನೆ’ ಇತ್ತು. ಆಮೇಲೆ ಅದು ಹೋಗಿ ‘ಅಭಿವೃದ್ಧಿ’ ಬಂತು. ಹೆಸರು ಬದಲಾಯಿಸುವುದಕ್ಕೆ ಅನುದಾನ ಬೇಕಾಗುವುದಿಲ್ಲವಲ್ಲ!

ಮನೆ ಕಟ್ಟುವುದಕ್ಕೆ ಬೇಕು. ಅದು ಬರುವುದು ಮೂರು ಜೇಬಿನಿಂದ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ ಭಾಗಕ್ಕೆ ಬಂದದ್ದು 2015ರ ಜೂನ್ 25ರಂದು. ಆ ಲೆಕ್ಕದಲ್ಲಿ ಕೇಂದ್ರದ ಪಾಲು ಮನೆಯೊಂದಕ್ಕೆ 1.5 ಲಕ್ಷ ರೂಪಾಯಿ. ರಾಜ್ಯದ ಪಾಲು ಪರಿಶಿಷ್ಟರಿಗೆ 2 ಲಕ್ಷ, ಉಳಿದವರಿಗೆ 1.2 ಲಕ್ಷ. ಮಿಕ್ಕದ್ದು ಫಲಾನುಭವಿಯ ತಲೆ ಮೇಲೆ. ಮನೆಗೆ ಏಳೂವರೆ ಲಕ್ಷ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಪರಿಶಿಷ್ಟ ಕುಟುಂಬ ನಾಲ್ಕು ಲಕ್ಷ ಹೊಂದಿಸಬೇಕು, ಇತರರು 4.8 ಲಕ್ಷ. ಹೂ ಕಟ್ಟಿ ಮಾರುವವಳು, ಹಮಾಲಿ ಮಾಡುವವನು ಇಷ್ಟು ದುಡ್ಡು ಎಲ್ಲಿಂದ ತಂದಾರು? ಬ್ಯಾಂಕಿಗೆ ಹೋಗಿ ಅಂದರು. ಬ್ಯಾಂಕಿನವರು ಸಂಬಳದ ಚೀಟಿ ತನ್ನಿ ಅಂದರು. ಅಲ್ಲಿಗೆ ಮೂರನೇ ಜೇಬು ತೂತು ಅಂತ ಎಲ್ಲರಿಗೂ ಗೊತ್ತಾಯಿತು. ಯೋಜನೆ ಬರೆದವರಿಗೆ ಇದು ಮೊದಲೇ ಗೊತ್ತಿರಬೇಕಿತ್ತು.

ಇನ್ನು ಮೊದಲೆರಡು ಜೇಬಿನ ಕತೆ. ಇದು ಸ್ವಲ್ಪ ಸಿಕ್ಕು, ಆದರೆ ಗಂಟು ಇರುವುದೇ ಇಲ್ಲಿ.

ಕೇಂದ್ರ ತನ್ನ ಪಾಲನ್ನು ಒಂದೇ ಸಲ ಕೊಡುವುದಿಲ್ಲ. ನೂರಕ್ಕೆ ನಲವತ್ತು, ಮತ್ತೆ ನಲವತ್ತು, ಕಡೆಗೆ ಇಪ್ಪತ್ತು, ಹೀಗೆ ಮೂರು ಕಂತು. ಎರಡನೇ ಕಂತು ಬೇಕಾದರೆ ಮೊದಲು ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಖರ್ಚಾಗಿದೆ ಅಂತ ಬಳಕೆ ಪತ್ರ ಕೊಡಬೇಕು. ಆ ಲೆಕ್ಕದಲ್ಲಿ ರಾಜ್ಯದ ಪಾಲೂ ಸೇರಿದೆ. ರಾಜ್ಯದ ಹಣ ತಡವಾದರೆ ಕೆಲಸ ನಿಂತಿತು. ಕೆಲಸ ನಿಂತರೆ ಬಳಕೆ ಪತ್ರ ಇಲ್ಲ. ಪತ್ರ ಇಲ್ಲದಿದ್ದರೆ ಕೇಂದ್ರದ ಕಂತೂ ಇಲ್ಲ. ಕೇಂದ್ರದ್ದು ಬರಲಿಲ್ಲ ಅಂತ ರಾಜ್ಯ ಹೇಳುತ್ತದೆ, ರಾಜ್ಯ ಲೆಕ್ಕ ಕೊಡಲಿಲ್ಲ ಅಂತ ಕೇಂದ್ರ ಹೇಳುತ್ತದೆ. ತಮಾಷೆ ಅಂದರೆ ಇಬ್ಬರು ಹೇಳುವುದೂ ನಿಜವೇ. ಕಂತ್ರಾಟುದಾರ ಮಿಕ್ಸರು ಎತ್ತಿಕೊಂಡು ಬೇರೆ ಕೆಲಸಕ್ಕೆ ಹೋಗುತ್ತಾನೆ. ತಿರುಗಿ ಬರುವಷ್ಟರಲ್ಲಿ ಸಿಮೆಂಟು, ಕಬ್ಬಿಣದ ದರ ಏರಿರುತ್ತದೆ, ಟೆಂಡರಿನ ದರ ಮಾತ್ರ ಹಳೆಯದೇ.

ಇಷ್ಟರ ಮಧ್ಯೆ ಮನೆಯವರು ಎಲ್ಲಿದ್ದಾರೆ? ಕೇಳಬೇಕಾದ ಪ್ರಶ್ನೆ ಇದು. ಯಾಕೆಂದರೆ ಎಷ್ಟೋ ಕಡೆ ಮಂಡಳಿಯ ಮನೆ ಏಳುವುದು ಆ ಕುಟುಂಬ ಇದ್ದ ಜಾಗದಲ್ಲೇ. ಇದ್ದ ಶೀಟಿನ ಮನೆ ಕೆಡವಿದರೇನೇ ತಳಪಾಯ ತೋಡುವುದಕ್ಕೆ ಜಾಗ. ‘ಆರು ತಿಂಗಳು ಅಡ್ಜಸ್ಟ್ ಮಾಡ್ಕಳ್ರಮ್ಮ’ ಅನ್ನುವ ಮಾತು ನಂಬಿ ಹೆಂಚು, ತಗಡು ತಾವೇ ಇಳಿಸಿಕೊಟ್ಟವರಿದ್ದಾರೆ. ಕೆಲವರು ಪಕ್ಕದಲ್ಲೇ ಟಾರ್ಪಾಲು ಕಟ್ಟಿಕೊಂಡರು. ಹೆಣ್ಣುಮಕ್ಕಳಿರುವ ಮನೆಯವರು, ಬಾಣಂತಿ ಇರುವವರು ಬಾಡಿಗೆಗೆ ಹೋದರು.

ಈಗ ಅಂಗಡಿಯವರ ಹಾಗೆ ಒಂದು ಲೆಕ್ಕ ಹಾಕೋಣ. ಒಂದು ರೂಮು, ಒಂದು ಅಡುಗೆ ಮೂಲೆ, ಬಾಡಿಗೆ ತಿಂಗಳಿಗೆ ಮೂರು ಸಾವಿರ ಅಂತಿಟ್ಟುಕೊಳ್ಳಿ. ವರ್ಷಕ್ಕೆ 36,000. ಮೂರು ವರ್ಷ ಎಳೆದರೆ 1,08,000. ಇದು ಯಾವ ಅಂದಾಜು ಪಟ್ಟಿಯಲ್ಲೂ ಇಲ್ಲ, ಯಾವ ಕಚೇರಿಯ ಕಡತದಲ್ಲೂ ಇಲ್ಲ. ಹೀಗೇ ಕಂತು ತಡವಾದರೆ ಪಾಲುಹಣ ಮನ್ನಾ ಮಾಡಿದರೂ ಬಡವನ ಕೈಯಿಂದ ಹೋಗುವುದು ಹೋಗಿಯೇ ಹೋಗುತ್ತದೆ. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಸೋರಿತು.

ಮನ್ನಾ ಆದದ್ದು ಸುಳ್ಳಲ್ಲ. ಮಂಡಳಿಯ 1,80,253 ಮನೆಗಳು ಹಣವಿಲ್ಲದೆ ಕುಂಟುತ್ತಿವೆ ಅಂತ ಸರ್ಕಾರವೇ ಒಪ್ಪಿಕೊಂಡ ಮೇಲೆ 2023ರ ಡಿಸೆಂಬರಿನಲ್ಲಿ ಸಚಿವ ಸಂಪುಟ ಒಂದು ತೀರ್ಮಾನ ಮಾಡಿತು. ಫಲಾನುಭವಿ ಒಂದು ಲಕ್ಷ ಕೊಟ್ಟರೆ ಸಾಕು, ಉಳಿದದ್ದನ್ನು ರಾಜ್ಯವೇ ತುಂಬುತ್ತದೆ ಅಂತ. ಒಳ್ಳೆ ತೀರ್ಮಾನ, ಅದರಲ್ಲಿ ಎರಡು ಮಾತಿಲ್ಲ. 2024ರ ಮಾರ್ಚ್ 2ರಂದು ಬೆಂಗಳೂರಿನ ಕೆ.ಆರ್.ಪುರದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ, ವಸತಿ ಸಚಿವ ಜಮೀರ್ ಅಹ್ಮದ್ ಖಾನ್ ಅವರ ಸಮ್ಮುಖದಲ್ಲಿ 36,789 ಮನೆಗಳ ಹಂಚಿಕೆ ನಡೆಯಿತು. ದೊಡ್ಡ ಪೆಂಡಾಲು, ಮಾಲೆ, ಕೀಲಿಕೈ. ಆದರೆ ಒಟ್ಟು ಲೆಕ್ಕದಲ್ಲಿ ಅದು ಐದರಲ್ಲಿ ಒಂದು ಪಾಲು. ಉಳಿದವು ಹಂತ ಹಂತವಾಗಿ ಅಂದರು. ಹಂತ ಅನ್ನುವ ಪದಕ್ಕೆ ಸರ್ಕಾರದ ನಿಘಂಟಿನಲ್ಲಿ ಒಂದು ಅರ್ಥ, ಬಾಡಿಗೆ ಕಟ್ಟುವವನ ನಿಘಂಟಿನಲ್ಲಿ ಇನ್ನೊಂದು.

ಇದಕ್ಕೆಲ್ಲ ಗ್ಯಾರಂಟಿಗಳೇ ಕಾರಣ ಅನ್ನುವ ಮಾತು ಬಸ್ಸಿನಲ್ಲಿ, ಹೋಟಲಿನಲ್ಲಿ ಕೇಳಿಬರುತ್ತದೆ. 2024-25ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗೆ ತೆಗೆದಿಟ್ಟದ್ದು ಸುಮಾರು 52,000 ಕೋಟಿ, ಕಮ್ಮಿ ಮೊತ್ತವೇನಲ್ಲ. ಆದರೆ ಈ ಗೋಡೆಗಳು ಅರ್ಧಕ್ಕೆ ನಿಂತದ್ದು ಗ್ಯಾರಂಟಿ ಹುಟ್ಟುವುದಕ್ಕೂ ಮೊದಲು. 2018, 2019, 2023, ಮೂರು ಸಲ ಸರ್ಕಾರ ಬದಲಾಯಿತು. ಬಂದವರೆಲ್ಲ ಹಳಬರು ಮಾಡಿದ್ದನ್ನು ‘ಪರಿಶೀಲಿಸಿದರು’. ಯಾವ ಪಕ್ಷದವರೂ ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ.

ಪೇಟೆಯ ವ್ಯಾಪಾರಿಗಳು ಇದು ಸ್ಲಮ್ಮಿನವರ ಪಾಡು, ನಮಗೇನು ಅಂದುಕೊಳ್ಳಬೇಡಿ. ಬಿಡಿ ಮನೆ ತಾವೇ ಕಟ್ಟಿಕೊಳ್ಳುವವರ ಕತೆ ನೋಡಿ. ಹಳ್ಳಿ ಕಡೆ ರಾಜೀವ್ ಗಾಂಧಿ ವಸತಿ ನಿಗಮದ ಮನೆಗೆ ಹಣ ಬರುವುದು ತಳಪಾಯ, ಗೋಡೆ, ಛಾವಣಿ, ಪೂರ್ಣ ಅಂತ ಹಂತ ಮುಗಿದ ಮೇಲೆ, ಫೋಟೋ ಕಚೇರಿಗೆ ಏರಿದ ಮೇಲೆ. ಅಂದರೆ ಮೊದಲು ಕಟ್ಟು, ಆಮೇಲೆ ದುಡ್ಡು. ಮೊದಲು ಕಟ್ಟುವುದಕ್ಕೆ ದುಡ್ಡು ಯಾರದು? ಸಿಮೆಂಟ್ ಅಂಗಡಿಯವರದು, ಹಾರ್ಡ್‌ವೇರ್ ಅಂಗಡಿಯವರದು, ಇಟ್ಟಿಗೆ ಗೂಡಿನವರದು. ‘ಬಿಲ್ ಆಗ್ಲಿ ಅಣ್ಣಾ, ಮೊದ್ಲು ನಿಂಗೇ ಕೊಡ್ತೀನಿ’ ಅನ್ನುವ ಮಾತಿನ ಮೇಲೆ ಉದ್ರಿ ಪುಸ್ತಕ ತುಂಬುತ್ತದೆ. ಸಾಲ ಮಾಡಿದವನು ಮೋಸಗಾರನಲ್ಲ, ಕಂತು ಬಂದಿಲ್ಲ ಅಷ್ಟೇ. ಕೊನೆಗೆ ಅವನು ಆ ಅಂಗಡಿ ಮುಂದೆ ಓಡಾಡುವುದನ್ನೇ ಬಿಟ್ಟು ಹಿಂದಿನ ಬೀದಿ ಹಿಡಿಯುತ್ತಾನೆ. ಸರ್ಕಾರದ ಬಾಕಿಯಿಂದ ಇಬ್ಬರು ಪರಿಚಯಸ್ಥರ ನಡುವೆ ಮಾತು ನಿಲ್ಲುತ್ತದೆ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು, ಒಳ್ಳೆಯದೇ. ಹಳೇ ಉದ್ರಿ ಹಳೇ ದರದಲ್ಲೇ ನಿಂತಿದೆ.

ಕೇಂದ್ರದ ಯೋಜನೆಗೆ ಮೊದಲಿದ್ದ ಗುರಿ 2022. ಅದನ್ನು 2024ರ ಡಿಸೆಂಬರಿಗೆ, ಅಲ್ಲಿಂದ 2025ರ ಡಿಸೆಂಬರಿಗೆ ಮುಂದೂಡಿದರು. ಗಡುವು ಹತ್ತಿರ ಬಂದಾಗಲೆಲ್ಲ ಎಂಜಿನಿಯರುಗಳು ಓಡಾಡಿ ಫೋಟೋ ಹಿಡಿಯುತ್ತಾರೆ, ಗಡುವು ಮುಂದೆ ಹೋದ ಕೂಡಲೆ ಎಲ್ಲಾ ತಣ್ಣಗೆ. ಈ ನಡುವೆ 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಎರಡನೇ ಆವೃತ್ತಿಗೆ ಒಪ್ಪಿಗೆ ಕೊಟ್ಟಿದೆ. ದೇಶದ ನಗರಗಳಿಗೆ ಒಂದು ಕೋಟಿ ಮನೆ, ಐದು ವರ್ಷ. ಇದರಲ್ಲೂ ಮನೆಗೆ ಕೇಂದ್ರದ್ದು 1.5 ಲಕ್ಷವೇ, ರಾಜ್ಯ ಕನಿಷ್ಠ ಒಂದು ಲಕ್ಷ ಹಾಕಬೇಕು. 2015ರಲ್ಲಿ ಇದ್ದ ಅದೇ ಒಂದೂವರೆ ಲಕ್ಷ! ಒಂದು ಲೋಡು ಮರಳಿಗೆ ಅಂದು ಎಷ್ಟಿತ್ತು, ಇಂದು ಎಷ್ಟಿದೆ ಅಂತ ಯಾವ ಗಾರೆ ಮೇಸ್ತ್ರಿಯನ್ನಾದರೂ ಕೇಳಿ ನೋಡಿ.

ಎಲ್ಲಾ ಹಣ ನಾಳೆಯೇ ಬರಲಿ ಅಂತ ಯಾರೂ ಕೇಳುತ್ತಿಲ್ಲ. ಎಷ್ಟು ಬಂದಿದೆ, ಮುಂದಿನ ಕಂತು ಯಾವ ಕಚೇರಿಯಲ್ಲಿ ಕೂತಿದೆ, ಇಷ್ಟು ತಿಳಿದರೆ ಬಾಡಿಗೆ ಮನೆ ಇನ್ನೆಷ್ಟು ದಿನ ಅಂತ ಹೆಂಗಸರು ಲೆಕ್ಕ ಹಾಕಿಕೊಳ್ಳುತ್ತಾರೆ, ಉದ್ರಿ ಕೊಡುವುದೋ ಬಿಡುವುದೋ ಅಂತ ಅಂಗಡಿಯವರು ತೀರ್ಮಾನ ಮಾಡುತ್ತಾರೆ. ಅದಕ್ಕೆ ಅರ್ಜಿ ಬರೆದು ಜಿಲ್ಲಾ ಕೇಂದ್ರಕ್ಕೆ ಅಲೆಯುವುದೇಕೆ? ರಸ್ತೆ ಪಕ್ಕದಲ್ಲಿ ಬೋರ್ಡು ಹೇಗೂ ನಿಂತಿದೆ. ಶಂಕುಸ್ಥಾಪನೆ ಮಾಡಿದವರ ಹೆಸರಿನ ಕೆಳಗೆ ಇನ್ನೂ ಎರಡು ಸಾಲು ಬರೆಯುವಷ್ಟು ಜಾಗ ಇದೆ. ಒಂದು ಡಬ್ಬಿ ಬಣ್ಣ, ಒಬ್ಬ ಪೇಂಟರು. ಅದಕ್ಕೂ ಅನುದಾನ ಬರಬೇಕೆ?